‘ಇನ್ನೊಂದೇ ಒಂದು ಸೀರೆ ತೋರಿಸಿ, ಪ್ಲೀಸ್!’

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೆರಡೇ ದಿನ ಉಳಿದಿತ್ತು. ಅತ್ತೆಗೆ ಒಂದು ರೇಷ್ಮೆ ಸೀರೆ ತರಬೇಕು ಅಂತ ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಮಕ್ಕಳ ಟೆಸ್ಟು, ಮನೆಗೆ ಬಂದವರು ಹೋದವರು ಅಂತ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ತುಮಕೂರಿನಿಂದ ನಾದಿನಿ ಬಂದಳು. ರಾತ್ರಿ ಅಡುಗೆ ಮುಗಿಸಿ, ಮಕ್ಕಳಿಗೆ ಬಡಿಸಿ, ಇಬ್ಬರೂ ಆಟೋ ಹತ್ತಿ ಜಯನಗರ ನಾಲ್ಕನೇ ಬ್ಲಾಕಿನ ಕಡೆ ಹೊರಟಾಗ ಎಂಟೂವರೆ ಆಗಿಹೋಗಿತ್ತು.

ಅಂಗಡಿ ಬಾಗಿಲಲ್ಲೇ ಬೋರ್ಡು ಇತ್ತು, ‘ಸಮಯ: ಬೆಳಗ್ಗೆ 10ರಿಂದ ರಾತ್ರಿ 9’. ನಾನು ನೋಡಿದೆ. ನೋಡಿಯೂ ಒಳಗೆ ಹೋದೆ. ‘ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲ, ಒಂದು ಸೀರೆ ತಗೊಳ್ಳೋಕೆ ಎಷ್ಟು ಹೊತ್ತು’ ಅಂತ ನಮ್ಮ ಲೆಕ್ಕ!

ರೇಷ್ಮೆ ಕೌಂಟರಿನಲ್ಲಿ ಇಪ್ಪತ್ತೆಂಟು, ಮೂವತ್ತು ವಯಸ್ಸಿನ ಒಬ್ಬ ಹುಡುಗಿ ನಿಂತಿದ್ದಳು. ಅತ್ತೆಗೆ ಗಿಳಿ ಹಸಿರು ಇಷ್ಟ. ಅದಕ್ಕೆ ಒಪ್ಪುವ ಅಂಚು ಬೇಕು, ಸೆರಗು ತೀರಾ ಢಾಳಾಗಿ ಇರಬಾರದು, ಬೆಲೆ ನಮ್ಮ ಕೈಗೆ ಎಟುಕಬೇಕು. ಒಂದೊಂದಾಗಿ ಬಿಡಿಸಿ ತೋರಿಸಿದಳು. ‘ಅದಲ್ಲ, ಅದರ ಕೆಳಗಿಂದು.’ ‘ಇದೇ ಬಣ್ಣದಲ್ಲಿ ಚಿಕ್ಕ ಅಂಚು?’ ‘ಸೆರಗು ಪೂರ್ತಿ ತೋರಿಸಿ.’ ನಡುವೆ ನಾದಿನಿಗೂ ಒಂದು ನೋಡೋಣ ಅನಿಸಿತು. ಕೌಂಟರಿನ ಮೇಲೆ ಸೀರೆಗಳ ಗುಡ್ಡವೇ ಎದ್ದಿತು. ಸುತ್ತಲಿನ ದೀಪಗಳು ಒಂದೊಂದಾಗಿ ಆರತೊಡಗಿದವು. ಬೇರೆ ಕೌಂಟರಿನವರು ಬಟ್ಟೆ ಮುಚ್ಚಿ ಬ್ಯಾಗು ಹೆಗಲಿಗೆ ಹಾಕಿಕೊಂಡರು.

ಒಂಬತ್ತೂ ಹತ್ತಕ್ಕೆ ಆಕೆ ಮೆಲ್ಲಗೆ ಹೇಳಿದಳು, “ಮೇಡಂ, ಬಿಲ್ಲಿಂಗ್ ಕ್ಲೋಸ್ ಮಾಡ್ತಾ ಇದಾರೆ. ನೋಡಿರೋದ್ರಲ್ಲಿ ಯಾವುದಾದ್ರೂ ಫೈನಲ್ ಮಾಡ್ತೀರಾ?”

ನನಗೆ ಎಲ್ಲಿತ್ತೋ ಸಿಟ್ಟು! “ಸಾವಿರಾರು ರೂಪಾಯಿ ಕೊಟ್ಟು ತಗೊಳ್ಳೋರು ನಾವು. ಗಿರಾಕಿನ ಹೀಗಾ ಓಡಿಸೋದು? ನಿಮ್ಮ ಓನರ್‌ನ ಕರೀರಿ” ಅಂದೆ. ಮ್ಯಾನೇಜರ್ ಓಡಿ ಬಂದರು. ನಮ್ಮೆದುರಿಗೇ ಆಕೆಗೆ, “ಏನಮ್ಮಾ, ಕಸ್ಟಮರ್ ಹತ್ರ ಹೇಗೆ ಮಾತಾಡಬೇಕು ಅಂತ ಗೊತ್ತಿಲ್ವಾ?” ಅಂತ ಗದರಿದರು. ಆಕೆ ತಲೆ ತಗ್ಗಿಸಿ “ಸಾರಿ ಮೇಡಂ” ಅಂದು ಮತ್ತೆ ನಾಲ್ಕು ಸೀರೆ ಬಿಡಿಸಿದಳು. ಒಂದು ಹಸಿರು ಸೀರೆ ಹಿಡಿದು ನಾವು ಹೊರಗೆ ಬಂದಾಗ ಒಂಬತ್ತೂ ಮೂವತ್ತೈದು. ನಮ್ಮ ಬೆನ್ನ ಹಿಂದೆ ಶೆಟರ್ ಮುಕ್ಕಾಲು ಇಳಿಯಿತು. ನಿಜ ಹೇಳಬೇಕೆಂದರೆ, ಆಟೋದಲ್ಲಿ ಕೂತಾಗ ನನಗೆ ಏನೋ ಗೆದ್ದ ಹಾಗೆ ಅನಿಸಿತ್ತು.

ಬೆಳಕಿಗೆ ಬಂದ ಬಣ್ಣ

ಮರುದಿನ ಬೆಳಗ್ಗೆ ಅತ್ತೆ ಸೀರೆಯನ್ನು ವರಾಂಡಕ್ಕೆ ಒಯ್ದು ಬಿಸಿಲಿಗೆ ಹಿಡಿದರು. “ಇದು ಹಸಿರಲ್ಲ ಕಣಮ್ಮ, ನೀಲಿ” ಅಂದರು. ಹೌದಲ್ಲ! ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು ಬಣ್ಣ ಇರುವ ರೇಷ್ಮೆ ಹಾಗೇ. ಅಂಗಡಿಯ ಹಳದಿ ದೀಪದಲ್ಲಿ ಒಂದು ಥರ, ಸೂರ್ಯನ ಬೆಳಕಿನಲ್ಲಿ ಇನ್ನೊಂದು ಥರ ಕಾಣುತ್ತದೆ. ಬೆಳಕಿನಲ್ಲಿ ನೋಡದೆ ರೇಷ್ಮೆ ತಗೋಬಾರದು ಅಂತ ನಮ್ಮಮ್ಮ ಎಷ್ಟು ಸಲ ಹೇಳಿದ್ದರೋ!

ಬಿಲ್ಲು ಹಿಡಿದು ಬದಲಾಯಿಸಲು ಹೋದೆ. ಬೆಳಗ್ಗೆ ಹನ್ನೊಂದೂವರೆ, ಅಂಗಡಿಯಲ್ಲಿ ಜನವಿಲ್ಲ. ಅದೇ ಕೌಂಟರು, ಅದೇ ಹುಡುಗಿ. ಮುಖ ಸಿಂಡರಿಸುತ್ತಾಳೆ ಅಂದುಕೊಂಡರೆ ನಕ್ಕಳು. “ಬಣ್ಣ ಬೇರೆ ಥರ ಕಾಣ್ತಾ ಮೇಡಂ? ರಾತ್ರಿನೇ ಹೇಳೋಣ ಅಂದ್ಕೊಂಡೆ. ನೀವು ಸಿಟ್ಟಲ್ಲಿದ್ರಿ.” ನನಗೆ ನಾಚಿಕೆಯಾಯಿತು. ಸೀರೆಯನ್ನು ಬಾಗಿಲ ಹತ್ತಿರದ ಬೆಳಕಿಗೆ ತಂದು ತೋರಿಸಿದಳು. ಮೂರನೆಯ ಸೀರೆಗೇ ಆಯ್ಕೆ ಮುಗಿಯಿತು. ಹತ್ತೇ ನಿಮಿಷ!

“ನಿನ್ನೆ ನಿಮಗೆ ಲೇಟಾಯ್ತೇನಮ್ಮಾ?” ಅಂತ ಕೇಳಿದೆ. ಕೇಳದೆ ಬಂದುಬಿಡಬಹುದಿತ್ತು. ಮೊದಲು “ಇಲ್ಲ ಮೇಡಂ, ಪರ್ವಾಗಿಲ್ಲ” ಅಂದಳು. ಮತ್ತೆ ಕೇಳಿದಾಗ ಸೀರೆ ಮಡಿಸುತ್ತಲೇ ಹೇಳಿದಳು.

ನಾವು ಹೋದ ಮೇಲೆ ಇಪ್ಪತ್ತೆಂಟು ಸೀರೆ ಮಡಿಸುವುದಿತ್ತು. ಲೆಕ್ಕ ಒಪ್ಪಿಸಿ ಹೊರಬಿದ್ದಾಗ ಹತ್ತು ಗಂಟೆ ದಾಟಿತ್ತು. ಅವಳ ಮನೆ ಬನ್ನೇರುಘಟ್ಟ ರಸ್ತೆಯ ಆ ಕೊನೆಯಲ್ಲಿ. ದಿನಾ ಹಿಡಿಯುವ ಬಸ್ಸು ಹೋಗಿಯಾಗಿತ್ತು. ಅರ್ಧ ದಾರಿಗೆ ಒಂದು ಬಸ್ಸು, ಉಳಿದದ್ದಕ್ಕೆ ಶೇರ್ ಆಟೋ ಹಿಡಿದು ಮನೆ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಎರಡನೇ ಕ್ಲಾಸಿನ ಮಗಳು, ಅಮ್ಮ ಬಂದಮೇಲೇ ಊಟ ಅಂತ ಹಟ ಹಿಡಿದು, ಹೊಸಿಲಲ್ಲೇ ಕೂತು ನಿದ್ದೆ ಹೋಗಿದ್ದಳಂತೆ. “ಎತ್ತಿ ಹಾಸಿಗೆಗೆ ಹಾಕಿದೆ. ಎಬ್ಬಿಸಿದ್ರೂ ಏಳಲಿಲ್ಲ. ಬೆಳಗ್ಗೆ ಎದ್ದವಳು ಮಾತಾಡದೆ ಸ್ಕೂಲಿಗೆ ಹೋದ್ಲು. ಅದೊಂದೇ ಬೇಜಾರು ಅಕ್ಕ” ಅಂದಳು.

‘ಮೇಡಂ’ ಅನ್ನುತ್ತಿದ್ದವಳು ‘ಅಕ್ಕ’ ಅಂದದ್ದು ಆಕೆಗೆ ಗೊತ್ತಾಯಿತೋ ಇಲ್ಲವೋ. ನನಗಂತೂ ಆ ಮಾತು ಚುಚ್ಚಿತು.

ಶೆಟರ್ ಇಳಿದ ಮೇಲೂ ಇರುತ್ತದೆ ಕೆಲಸ

ಅಂಗಡಿ ಒಂಬತ್ತಕ್ಕೆ ಮುಚ್ಚುತ್ತದೆ ಅಂದರೆ ಒಂಬತ್ತಕ್ಕೆ ಕೆಲಸದವರು ಮನೆಗೆ ಹೊರಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅದೇ ನಮ್ಮ ತಪ್ಪು. ಬೋರ್ಡಿನ ಮೇಲಿರುವುದು ಗಿರಾಕಿಗಳ ಸಮಯ. ಅವರ ಇನ್ನೊಂದು ಪಾಳಿ ಶುರುವಾಗುವುದೇ ಆಮೇಲೆ.

ಒಂದು ಸೀರೆ ಅಂದರೆ ರವಿಕೆ ಬಟ್ಟೆಯೂ ಸೇರಿ ಆರು ಮೀಟರಿಗೂ ಹೆಚ್ಚು. ಬಿಡಿಸಲು ಒಂದು ಕ್ಷಣ ಸಾಕು, ಒಂದು ಕೊಡವಿದರೆ ಆಯಿತು. ಮಡಿಸುವುದು ಹಾಗಲ್ಲ. ಹಳೆಯ ಮಡಿಕೆಯ ಗೆರೆಗೇ ಕೂರಬೇಕು, ಅಂಚಿಗೆ ಅಂಚು ಸೇರಬೇಕು, ಜರಿ ಮುರಿಯಬಾರದು, ಸೆರಗಿನ ಒಳಗಿನ ಕಾಗದ ಮತ್ತೆ ಅದರ ಜಾಗಕ್ಕೆ ಹೋಗಬೇಕು, ಬೆಲೆ ಚೀಟಿ ಮೇಲೆ ಕಾಣಬೇಕು. ಸೀರೆಗೆ ಎರಡೇ ನಿಮಿಷ ಅಂತ ಹಿಡಿದರೂ ಇಪ್ಪತ್ತೆಂಟು ಸೀರೆಗೆ ಐವತ್ತಾರು ನಿಮಿಷ. ಇಬ್ಬರು ಕೈ ಹಾಕಿದರೆ ಅರ್ಧ ಗಂಟೆ. ನಾವು ಕೊಂಡದ್ದು ಒಂದು, ಅವರು ಮಡಿಸಿದ್ದು ಇಪ್ಪತ್ತೆಂಟು!

ಅದಾದ ಮೇಲೆ ಆಯಾ ಕೌಂಟರಿನ ಲೆಕ್ಕ. ಬೆಳಗ್ಗೆ ಎಷ್ಟು ಪೀಸ್ ಇತ್ತು, ಎಷ್ಟು ಮಾರಿತು, ಎಷ್ಟು ಉಳಿಯಿತು? ಒಂದು ಕಡಿಮೆ ಬಂದರೆ ಸಿಗುವವರೆಗೂ ಹುಡುಕಬೇಕು. ಇಲ್ಲವಾದರೆ ಆ ಕೌಂಟರಿನವರೇ ಉತ್ತರ ಕೊಡಬೇಕು. ಬಿಲ್ಲಿಂಗ್‌ನವರಿಗೆ ನಗದು, ಕಾರ್ಡು, ಫೋನಿನಲ್ಲಿ ಬಂದ ದುಡ್ಡು ಮೂರನ್ನೂ ತಾಳೆ ನೋಡುವ ಕೆಲಸ. ನಾವು ಒಂಬತ್ತೂ ಮೂವತ್ತಕ್ಕೆ ಒಂದು ಬಿಲ್ ಹಾಕಿಸಿದರೆ ಅಷ್ಟೊತ್ತಿಗೆ ಮುಗಿದಿದ್ದ ಲೆಕ್ಕವೆಲ್ಲ ಮತ್ತೆ ತೆರೆಯುತ್ತದೆ. ಆಮೇಲೆ ಗುಡಿಸುವವರು, ಅವರು ಮುಗಿಸುವವರೆಗೆ ಸೆಕ್ಯೂರಿಟಿಯವರು. ಹೀಗೆ ನಮ್ಮೊಬ್ಬರಿಂದ ಐದಾರು ಜನ ಉಳಿಯುತ್ತಾರೆ.

ಇನ್ನು ದಾರಿ ಖರ್ಚು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂದಮೇಲೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಅಂಗಡಿ ಕೆಲಸದ ಹುಡುಗಿಯರಿಗೆ ಇದರಿಂದ ತಿಂಗಳಿಗೆ ಉಳಿಯುವ ಹಣ ಸಣ್ಣದಲ್ಲ. ಆದರೆ ಆ ಬಸ್ಸು ತಪ್ಪಿದರೆ? ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಆಟೋ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತು ದಾಟಿದರೆ ಒಂದೂವರೆ ಪಟ್ಟು. ಹತ್ತು ಕಿಲೋಮೀಟರಿಗೆ ಮೀಟರ್ ಪ್ರಕಾರವೇ 270 ರೂಪಾಯಿ. ಮೀಟರ್ ಹಾಕುವ ಆಟೋ ಸಿಕ್ಕಿದರೆ ಅನ್ನಿ! ಹತ್ತಕ್ಕೆ ಮೊದಲು ಹೊರಟರೆ ಸೊನ್ನೆ, ಹತ್ತರ ನಂತರ ಇನ್ನೂರೆಪ್ಪತ್ತು. ನಮ್ಮ ‘ಇನ್ನೊಂದೇ ಒಂದು’ ಸೀರೆಯ ಬೆಲೆ ಅವಳ ಪರ್ಸಿನಿಂದಲೂ ಹೋಗಬಹುದು.

ನಮ್ಮ ಅಡುಗೆಮನೆಗೂ ಒಂದು ಶೆಟರ್ ಇದೆಯಲ್ಲ?

ಇದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ನೀವೇ ನೆನಪಿಸಿಕೊಳ್ಳಿ. ರಾತ್ರಿ ಎಲ್ಲರ ಊಟ ಆಯಿತು. ಪಾತ್ರೆ ತೊಳೆದು, ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ನಾಳೆಯ ಉದ್ದು ನೆನೆಸಿಟ್ಟು, ಲೈಟ್ ಆರಿಸುವ ಸ್ವಿಚ್ಚಿಗೆ ಕೈ ಹೋಗಿದೆ. ಆಗ ಹಾಲಿನಿಂದ ಒಂದು ದನಿ, “ಒಂದೇ ಒಂದು ದೋಸೆ ಹಾಕ್ತೀಯಾ? ಒಂದೇ ಸಾಕು.” ಮೈ ಉರಿಯುತ್ತದಲ್ವಾ? ಹಿಟ್ಟು ತೆಗೆಯಬೇಕು, ಕಾವಲಿ ಇಡಬೇಕು, ಚಟ್ನಿ ಬೇಕು, ಮತ್ತೆ ಎಲ್ಲ ತೊಳೆಯಬೇಕು. ಕೇಳಿದವರಿಗೆ ಅದು ಒಂದೇ ದೋಸೆ, ನಮಗೆ ಅಡುಗೆಮನೆ ಮತ್ತೆ ತೆರೆದ ಹಾಗೆ.

ನಾನು ಆ ರಾತ್ರಿ ಅಂಗಡಿಯಲ್ಲಿ ಮಾಡಿದ್ದು ಇದನ್ನೇ. ವ್ಯತ್ಯಾಸ ಇಷ್ಟೇ. ನಾವು ಮನೆಯಲ್ಲಿ “ಈಗಾಗಲ್ಲ, ಹಣ್ಣು ತಿಂದು ಮಲಗಿ” ಅಂತ ಗದರಬಹುದು. ಆಕೆ ಗದರುವಂತಿಲ್ಲ, ನಗಬೇಕು.

ಹೊತ್ತು ಮೀರಿ ಬರುವವರು ಎಷ್ಟು ಥರ!

ಅವತ್ತಿನಿಂದ ನಾನು ಯಾವ ಅಂಗಡಿಗೆ ಹೋದರೂ ಈ ವಿಷಯ ಕೆದಕುತ್ತೇನೆ. ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಹುಡುಗ, ಚಪ್ಪಲಿ ಅಂಗಡಿಯವರು, ಮೆಡಿಕಲ್ ಸ್ಟೋರಿನವರು ಎಲ್ಲರೂ ಹೇಳುವುದು ಒಂದೇ. ಹೊತ್ತು ಮೀರಿ ಬರುವವರೆಲ್ಲ ಕೆಟ್ಟವರಲ್ಲ. ಆಫೀಸು ಬಿಟ್ಟು ಓಡೋಡಿ ಬಂದವರು, ಮಗುವಿಗೆ ಜ್ವರದ ಔಷಧಿಗೆ ಬಂದವರು, ನಾಳೆ ಬೆಳಗ್ಗೆಯೇ ಊರಿಗೆ ಹೋಗುವವರು ಇರುತ್ತಾರೆ. ಅಂಥವರಿಗೆ ಕೆಲಸದವರೇ ಮನಸಾರೆ ಹತ್ತು ನಿಮಿಷ ನಿಲ್ಲುತ್ತಾರೆ.

ಕಷ್ಟವಾಗುವುದು ಬೇರೆಯವರ ಜತೆ. ಅರ್ಧ ಇಳಿದ ಶೆಟರಿನ ಕೆಳಗೆ ಬಗ್ಗಿ ಒಳಗೆ ಬರುವವರು, ಒಳಗೆ ಬಂದಮೇಲೆ ಫೋನಿನಲ್ಲಿ ಮಾತು ಮುಂದುವರಿಸುವವರು, ಯಾವುದೂ ಕೊಳ್ಳುವ ಮನಸ್ಸಿಲ್ಲದೆ ಸುಮ್ಮನೆ ನೋಡುವವರು, ಮುಚ್ಚುವ ಹೊತ್ತಾದ್ದರಿಂದ ಬೆಲೆ ಇಳಿಸಿಯೇ ಇಳಿಸುತ್ತಾರೆ ಅಂತ ಚೌಕಾಸಿಗೆ ನಿಲ್ಲುವವರು, ಎಲ್ಲಕ್ಕೂ ಕೊನೆಗೆ ನನ್ನಂತೆ ‘ಓನರ್‌ನ ಕರೀರಿ’ ಅನ್ನುವವರು. ಅಂಗಡಿಯವರ ಹತ್ತಿರ ಮಾತನಾಡುತ್ತ ಒಂದು ವಿಷಯ ಗಮನಿಸಿದೆ. ಯಾರೂ ಕೆಲಸದ ಬಗ್ಗೆ ಹೆಚ್ಚು ದೂರಲಿಲ್ಲ. “ನಾವು ಅಲ್ಲಿ ಇಲ್ಲವೇನೋ ಅನ್ನೋ ಹಾಗೆ ಮಾತಾಡ್ತಾರೆ” ಅಂತ ಆ ಬಿಲ್ಲಿಂಗ್ ಹುಡುಗ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಕಾನೂನು ಏನು ಹೇಳುತ್ತೆ?

ನಾನು ಬಿ.ಎ. ಓದಿದವಳು, ಕಾನೂನು ಪಂಡಿತೆಯಲ್ಲ. ಆದರೂ ಹುಡುಕಿ ಓದಿದಾಗ ಆಶ್ಚರ್ಯವಾಯಿತು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ಕೆಲಸದವರಿಗೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಬರೆದದ್ದು ಆ ಕಾಯ್ದೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಹೊತ್ತಿಗೆ ಎರಡರಷ್ಟು ಕೂಲಿ ಕೊಡಬೇಕು ಅಂತಲೂ ಇದೆ. ವಾರದ ರಜೆಯೂ ಹಕ್ಕು.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು ಸಾಲು. ಅಂಗಡಿ ಮುಚ್ಚುವ ಹೊತ್ತಿಗೆ ಒಳಗೆ ಇದ್ದು ಕಾಯುತ್ತಿರುವ ಗಿರಾಕಿಗೆ ಅದರ ಮುಂದಿನ ಕಾಲು ಗಂಟೆಯೊಳಗೆ ವ್ಯಾಪಾರ ಮುಗಿಸಿಕೊಡಬಹುದು ಅಂತ ಆ ಕಾಯ್ದೆಯಲ್ಲಿ ಬರೆದಿಟ್ಟರು. ನೋಡಿ, ಅರವತ್ತು ವರ್ಷಗಳ ಹಿಂದೆಯೇ ನಮ್ಮಂಥವರನ್ನು ನೆನಪಿಟ್ಟುಕೊಂಡು ಕಾಲು ಗಂಟೆ ಕೊಟ್ಟಿದ್ದಾರೆ! ನಾನು ತೆಗೆದುಕೊಂಡದ್ದು ಮೂವತ್ತೈದು ನಿಮಿಷ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದಿದೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ದಿನವಿಡೀ ತೆರೆದಿರಲು 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಅನುಮತಿ ಕೊಟ್ಟಿತು. ಆಗ ಹಾಕಿದ ಷರತ್ತುಗಳಲ್ಲಿ, ಮಹಿಳೆಯರನ್ನು ಸಾಮಾನ್ಯವಾಗಿ ರಾತ್ರಿ ಎಂಟರ ನಂತರ ದುಡಿಸಬಾರದು, ದುಡಿಸುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಸುರಕ್ಷತೆ ಮತ್ತು ವಾಹನದ ವ್ಯವಸ್ಥೆ ಆಗಬೇಕು ಅಂತ ಇತ್ತು. ಆ ಹುಡುಗಿಗೆ ಇದನ್ನು ಹೇಳಿದಾಗ, “ಹೌದಾ ಅಕ್ಕ?” ಅಂತ ಕೇಳಿ ಸುಮ್ಮನಾದಳು.

ನಿಲ್ಲುವ ಕಷ್ಟವೂ ಸಣ್ಣದಲ್ಲ. ಪಕ್ಕದ ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೋಳಿಕ್ಕೋಡಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬಾಕೆ ಅದರ ಮುಂಚೂಣಿಯಲ್ಲಿದ್ದರು. 2018ರಲ್ಲಿ ಕೇರಳ ತನ್ನ ಕಾನೂನು ತಿದ್ದಿ ಅಂಗಡಿಗಳಲ್ಲಿ ಕೂರಲು ವ್ಯವಸ್ಥೆ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ಒಂದು ಸ್ಟೂಲಿಗಾಗಿ ಕಾನೂನು ಬೇಕಾಯಿತು ಅಂದರೆ, ಬೆಳಗ್ಗೆ ಹತ್ತರಿಂದ ನಿಂತ ಕಾಲಿಗೆ ರಾತ್ರಿ ಒಂಬತ್ತೂವರೆಯ ಅರ್ಧ ಗಂಟೆ ಎಷ್ಟು ಭಾರ ಅಂತ ಲೆಕ್ಕ ಹಾಕಿ.

ಕೌಂಟರಿನ ಆಚೆ ನೀವಿದ್ದರೆ...

ನಮ್ಮ ಓದುಗರಲ್ಲೂ ಎಷ್ಟೋ ಜನ ಸಣ್ಣ ಬೊಟಿಕ್, ಫ್ಯಾನ್ಸಿ ಸ್ಟೋರ್, ಮನೆಯಲ್ಲೇ ಸೀರೆ ವ್ಯಾಪಾರ ನಡೆಸುತ್ತೀರಿ. ಮಗಳೋ ಸೊಸೆಯೋ ಶೋರೂಮಿನಲ್ಲಿ ಕೆಲಸಕ್ಕೆ ಇರಬಹುದು. ನಮ್ಮ ರಸ್ತೆಯಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುವ ಆಂಟಿಯೊಬ್ಬರಿದ್ದಾರೆ. ಇಪ್ಪತ್ತು ವರ್ಷದಿಂದ ಎಂಟೂವರೆಗೆ ಬಾಗಿಲು ಹಾಕುತ್ತಾರೆ, ಯಾರ ಜತೆಗೂ ಜಗಳವಿಲ್ಲ. ಅವರೂ ಆ ಹುಡುಗಿಯೂ ಹೇಳಿದ್ದನ್ನು ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

* ಕೊನೆಯ ಅರ್ಧ ಗಂಟೆಯಲ್ಲಿ ಯಾರೇ ಒಳಗೆ ಬರಲಿ, ಬಂದ ಕೂಡಲೇ ನಗುತ್ತಾ ಹೇಳಿಬಿಡಿ, “ಬನ್ನಿ ಅಕ್ಕ, ಒಂಬತ್ತಕ್ಕೆ ಮುಚ್ಚುತ್ತೀವಿ, ಏನು ಬೇಕು ಹೇಳಿ, ಬೇಗ ತೆಗೆದುಕೊಡ್ತೀನಿ.” ಮೊದಲೇ ಹೇಳಿದರೆ ಮಾಹಿತಿ, ಒಂಬತ್ತೂ ಹತ್ತಕ್ಕೆ ಹೇಳಿದರೆ ಅದೇ ಮಾತು ಅವಮಾನದ ಹಾಗೆ ಕೇಳಿಸುತ್ತದೆ.

* ‘ನನಗೆ ಲೇಟಾಗುತ್ತೆ’ ಅನ್ನುವುದಕ್ಕಿಂತ ‘ಬಿಲ್ಲಿಂಗ್ ಮುಚ್ಚುತ್ತೆ’ ಅಂದರೆ ವಾದ ಬೆಳೆಯುವುದು ಕಡಿಮೆ. ನಿಯಮ ಅಂಗಡಿಯದು, ನಿಮ್ಮದಲ್ಲ.

* ಬರೀ ‘ಇಲ್ಲ’ ಅನ್ನಬೇಡಿ. ಜತೆಗೆ ಒಂದು ದಾರಿ ತೋರಿಸಿ. “ಈ ಮೂರನ್ನ ನಿಮ್ಮ ಹೆಸರು ಬರೆದು ಎತ್ತಿಡ್ತೀನಿ. ನಾಳೆ ಹನ್ನೊಂದಕ್ಕೆ ಬನ್ನಿ, ಬೆಳಕಿನಲ್ಲಿ ಬಣ್ಣನೂ ಸರಿಯಾಗಿ ಕಾಣುತ್ತೆ.” ಬೇಕಿದ್ದರೆ ಫೋಟೊ ತೆಗೆದು ವಾಟ್ಸ್ಯಾಪ್ ಮಾಡಿ. ಬಂದವರಿಗೂ ಬರಿಗೈಯಲ್ಲಿ ಹೋದ ಬೇಸರ ಇರುವುದಿಲ್ಲ.

* ಕೊನೆಯ ಹೊತ್ತಿನಲ್ಲಿ ರಾಶಿ ಹಾಕಬೇಡಿ. ಬಜೆಟ್, ಬಣ್ಣ, ಯಾರಿಗೆ ಅಂತ ಮೂರು ಪ್ರಶ್ನೆ ಕೇಳಿ ಐದೇ ತೋರಿಸಿ. ನೋಡಿ ಬಿಟ್ಟದ್ದನ್ನು ಮಾತನಾಡುತ್ತಲೇ ಮಡಿಸುತ್ತಾ ಬನ್ನಿ.

* ದನಿ ಏರಿಸುವವರ ಎದುರು ನಿಮ್ಮ ದನಿ ಇಳಿಯಲಿ. ಒಮ್ಮೆ ಕ್ಷಮೆ ಕೇಳಿದರೆ ಸಾಕು, ಹತ್ತು ಸಲ ಬೇಡ. ಕೆಟ್ಟ ಮಾತು ಬಂದರೆ ಸಹಿಸಿಕೊಂಡು ಒಬ್ಬರೇ ನಿಲ್ಲಬೇಡಿ, ಜತೆಯವರನ್ನು ಅಥವಾ ಮೇಲಿನವರನ್ನು ಕರೆಯಿರಿ.

* ಅರ್ಧ ಇಳಿದ ಶೆಟರಿನ ಒಳಗೆ ಹೆಣ್ಣುಮಕ್ಕಳು ಒಬ್ಬರೇ ಗಿರಾಕಿಯ ಜತೆ ಇರುವುದು ಬೇಡವೇ ಬೇಡ. ಕ್ಯಾಷ್ ಎಣಿಸುವಾಗ ಬಾಗಿಲಲ್ಲಿ ಇನ್ನೊಬ್ಬರು ಇರಲಿ.

* ನೀವೇ ಮಾಲೀಕರಾಗಿದ್ದರೆ, ಗಿರಾಕಿಯ ಎದುರು ಕೆಲಸದವರನ್ನು ಗದರಬೇಡಿ. “ಅವಳು ಹೇಳಿದ್ದು ನಮ್ಮ ಅಂಗಡಿ ನಿಯಮ, ನಾನೇ ನೋಡ್ತೀನಿ” ಅಂತ ಒಂದು ಮಾತು ಹೇಳಿ. ಹಬ್ಬದ ದಿನಗಳಲ್ಲಿ ತಡವಾಗುವುದು ಖಂಡಿತ ಅಂತ ಗೊತ್ತಿದ್ದರೆ ಮನೆ ತಲುಪಿಸುವ ವಾಹನ, ಹೆಚ್ಚಿನ ಹೊತ್ತಿನ ಕೂಲಿ ಎರಡನ್ನೂ ಮೊದಲೇ ಗೊತ್ತು ಮಾಡಿ.

ಕೌಂಟರಿನ ಈಚೆ ನಾವಿದ್ದರೆ...

* ಹೊರಡುವ ಮುಂಚೆ ಗಡಿಯಾರ ನೋಡೋಣ. ರೇಷ್ಮೆ, ಒಡವೆಯಂಥ ನಿಧಾನದ ಖರೀದಿಗೆ ಮುಚ್ಚುವ ಹೊತ್ತಿಗೆ ಒಂದೂವರೆ ಗಂಟೆ ಮೊದಲಾದರೂ ಅಂಗಡಿಯಲ್ಲಿರಬೇಕು. ವಾರದ ದಿನಗಳ ಬೆಳಗ್ಗೆ ಹನ್ನೊಂದರ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಮಕ್ಕಳು ಸ್ಕೂಲಿನಲ್ಲಿ, ಅಂಗಡಿ ಖಾಲಿ, ಬಣ್ಣ ನಿಜ.

* ಒಂದು ವೇಳೆ ತಡವಾಗಿಯೇ ಹೋದಿರಾ? ಬಾಗಿಲಲ್ಲೇ ಕೇಳಿ, “ಹತ್ತು ನಿಮಿಷ ಇದೆಯಾ, ಇಲ್ಲ ನಾಳೆ ಬರಲಾ?” ಕೇಳಿದವರಿಗೆ ಬಾಗಿಲು ತೆರೆಯುವವರೇ ಹೆಚ್ಚು.

* ಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿ. “ಅತ್ತೆಗೆ, ಹಸಿರು, ಚಿಕ್ಕ ಅಂಚು, ಇಷ್ಟು ಬಜೆಟ್.” ಮೊದಲೇ ಹೇಳಿದ್ದರೆ ನನಗೆ ಇಪ್ಪತ್ತೆಂಟು ಸೀರೆ ಬೇಕಾಗಿರಲಿಲ್ಲ.

* ಕೊನೆಯ ಹೊತ್ತಿನಲ್ಲಿ ಬದಲಾಯಿಸುವುದು, ಹಿಂದಿರುಗಿಸುವುದು ಬೇಡ. ಅದಕ್ಕೆ ಬಿಲ್ಲು ಹುಡುಕಬೇಕು, ಲೆಕ್ಕ ತಿದ್ದಬೇಕು. ಬೆಳಗ್ಗೆ ಹೋದರೆ ಇಬ್ಬರಿಗೂ ಸಲೀಸು.

* ನಿಮ್ಮ ಜತೆ ಮಕ್ಕಳಿದ್ದರೆ ಅವರು ಎಳೆದುಹಾಕಿದ್ದನ್ನು ನೀವೇ ಎತ್ತಿಡಿ. ಅಂಗಡಿಯವರ ಜತೆ ನಾವು ಹೇಗೆ ಮಾತನಾಡುತ್ತೇವೆ ಅಂತ ಅವರು ನೋಡಿಯೇ ಕಲಿಯುತ್ತಾರೆ.

* ‘ಓನರ್‌ನ ಕರೀರಿ’ ಅನ್ನುವುದನ್ನು ದೂರಿಗೆ ಮಾತ್ರವಲ್ಲ, ಮೆಚ್ಚುಗೆಗೂ ಬಳಸಬಹುದು. ಒಮ್ಮೆ ಮಾಡಿ ನೋಡಿ.

ಕೊನೆಯದನ್ನು ನಾನು ಮಾಡಿಯೇ ನೋಡಿದೆ. ಸೀರೆ ಬದಲಾಯಿಸಿಕೊಂಡು ಹೊರಡುವಾಗ ಮ್ಯಾನೇಜರ್ ಹತ್ತಿರ ಹೋಗಿ, “ನಿನ್ನೆ ರಾತ್ರಿ ತಪ್ಪು ನನ್ನದು, ಆ ಹುಡುಗಿಯದಲ್ಲ. ಅವಳಿಂದಲೇ ನಾನು ಇವತ್ತು ಮತ್ತೆ ಬಂದೆ” ಅಂತ ಹೇಳಿದೆ. ಅವರು “ಅಯ್ಯೋ ಇರ್ಲಿ ಬಿಡಿ ಮೇಡಂ” ಅಂತ ನಕ್ಕುಬಿಟ್ಟರು. ಅದರಿಂದ ಆಕೆಗೆ ಏನಾದರೂ ಉಪಯೋಗ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಕ್ಷಮೆಯಿಂದ ಹಿಂದಿನ ರಾತ್ರಿಯ ಊಟವನ್ನು ಆ ಮಗುವಿಗೆ ಬಡಿಸಲಂತೂ ಆಗುವುದಿಲ್ಲ.

ದೀಪಾವಳಿಗೆ ಮತ್ತೆ ಅದೇ ಅಂಗಡಿಗೆ ಹೋದೆ, ಮಧ್ಯಾಹ್ನ ಹನ್ನೆರಡಕ್ಕೆ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು. “ಬನ್ನಿ ಅಕ್ಕ, ಇವತ್ತು ಬೆಳಕು ಚೆನ್ನಾಗಿದೆ” ಅಂದಳು! ಮಗಳ ಬಗ್ಗೆ ಕೇಳಿದೆ. “ಈಗ ಗಡಿಯಾರ ನೋಡೋಕೆ ಕಲಿತಿದಾಳೆ. ಹತ್ತು ಗಂಟೆ ಅಂದ್ರೆ ಮುಳ್ಳು ಎಲ್ಲಿರುತ್ತೆ ಅಂತ ಗೊತ್ತು ಅವಳಿಗೆ” ಅಂದಳು. ಅವಳು ಅದನ್ನು ನಗುತ್ತಲೇ ಹೇಳಿದಳು.

ಈಗ ರಾತ್ರಿ ಅಂಗಡಿಯ ಮುಂದೆ ಹಾದು ಹೋಗುವಾಗ ಅರ್ಧ ಇಳಿದ ಶೆಟರ್ ಕಂಡರೆ ಒಳಗೆ ಇಣುಕುವುದನ್ನು ಬಿಟ್ಟಿದ್ದೇನೆ. ಎಲ್ಲೋ ಒಂದು ಮನೆಯಲ್ಲಿ ಯಾರೋ ಆ ಮುಳ್ಳನ್ನೇ ನೋಡುತ್ತಾ ಕೂತಿರುತ್ತಾರಲ್ವಾ? ನಮ್ಮ ಸೀರೆ ನಾಳೆಗೂ ಕಾಯುತ್ತದೆ. ಏನಂತೀರಾ?